ಪಾಠಶಾಲೆ ಮತ್ತು ನೃತ್ಯ

ಕಳೆದ ಕಾರ್ತಿಕ ಮಾಸದಲ್ಲಿ ನಾವು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಕಡೆಗೆ ಹೋಗಿದ್ದಾಗ, ಆ ಸೀಮೆಯ ಶಾಲೆಯೊಂದರ ಹಿರಿಯರು ನಮ್ಮ ಮುಂದೆ ಒಂದು ವ್ಯಾಜ್ಯವನ್ನಿಟ್ಟರು. ನೃತ್ಯವನ್ನು ಪಠ್ಯವಿಷಯಗಳಲ್ಲಿ ಒಂದಾಗಿ ಪರಿಗಣಿಸಿ ವಾರಕ್ಕೆ ಎರಡು ಪಿರಿಯಡ್ಡುಗಳನ್ನು ಅದಕ್ಕೆ ಮೀಸಲಿಡಬೇಕೆಂಬುದು ಮುಖ್ಯೋಪಾಧ್ಯಾಯರ ಅಪೇಕ್ಷೆ. ಕೂಡದೆಂಬುದು ಪೋಷಕರಲ್ಲಿ ಬಹುಮಂದಿಯ ಹಟ. “ಬುದ್ಧಿ, ತಾವು ಒಂದು ಮಾತು ಅಪ್ಪಣೆ ಕೊಡಿಸಬೇಕು” ಎಂದರು. ಮಠದ ವಿದ್ಯಾಲಯಗಳಲ್ಲಿ ಓದಿ ಇಂದು ನಾಡಿನ ನಾನಾ ಕಡೆ ಶಿಕ್ಷಕರೂ ಪೋಷಕರೂ ಆಗಿರುವ ಸದ್ಭಕ್ತರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುವುದರಿಂದ, ಅಲ್ಲಿ ಕೇಳಿದ್ದನ್ನೂ ಹೇಳಿದ್ದನ್ನೂ ಇಲ್ಲಿ ನಿರೂಪಿಸುತ್ತಿದ್ದೇವೆ.

ಸಾದಲಿಯದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಕನ್ನಡ ತೆಲುಗುಗಳೆರಡನ್ನೂ ಆಡುವ ಅಲ್ಲಿನ ಜನ ಕೆರೆ, ಕೊಳವೆಬಾವಿಗಳ ಆಸರೆಯಲ್ಲಿ ರಾಗಿಯನ್ನೂ ಹಿಪ್ಪುನೇರಳೆಯನ್ನೂ ಬೆಳೆದು, ರೇಷ್ಮೆಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಾರೆ. ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ ಅದನ್ನು ಆಯ್ದು ಚಂದ್ರಿಕೆಗೆ ಬಿಡಬೇಕು; ಅಂದು ಮಕ್ಕಳು ಶಾಲೆಗೆ ಬರುವುದೇ ಅನುಮಾನ. ಇಂತಹ ಶ್ರಮದಲ್ಲಿ ಮಕ್ಕಳನ್ನು ಓದಿಸುವ ತಂದೆಯೊಬ್ಬರು, “ಕುಣಿಯುವುದಕ್ಕೆ ಊರಹಬ್ಬ ಸಾಲದೆ? ಹತ್ತನೆಯ ತರಗತಿ ಪಾಸಾಗದಿದ್ದರೆ ಈ ಕುಣಿತ ಅನ್ನ ಹಾಕುತ್ತದೆಯೆ?” ಎಂದು ಕೇಳಿದರು. ಈ ಮಾತನ್ನು ಅಜ್ಞಾನದ ಮಾತೆಂದು ತಳ್ಳಿಹಾಕುವಂತಿಲ್ಲ. ಹಸಿವನ್ನು ಕಂಡವನ ಮಾತು ಅದು.

ಆದರೆ ವಿದ್ಯೆಯೆಂಬುದು ತಲೆಗೆ ಮಾತ್ರ ಸಂಬಂಧಪಟ್ಟದ್ದೆಂದು ಯಾವ ಶಿಕ್ಷಣವೇತ್ತನೂ ಹೇಳಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ನಾಟಕ, ದೃಶ್ಯಕಲೆಗಳನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯವಾಗಿ ಕಲಿಸಬೇಕೆಂದು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. ಕಾಗದದ ಮೇಲೆ ಹೀಗಿದ್ದರೂ ವೇಳಾಪಟ್ಟಿಯಲ್ಲಿ ನೃತ್ಯಕ್ಕೆ ಎಡೆಯಿಲ್ಲ. ಕೋಲಾಟದಲ್ಲಿ ಎಂಟು ಮಕ್ಕಳು ಸುತ್ತು ಹಾಕುವುದನ್ನು ಗಮನಿಸಬೇಕು. ಪ್ರತಿಯೊಂದು ಮಗುವೂ ತನ್ನ ಹೆಜ್ಜೆಯನ್ನು ಎಣಿಸಬೇಕು, ಎದುರಿನವನ ಕೋಲನ್ನು ಕಾಯಬೇಕು, ಹಾಡಿನ ಗತಿಯನ್ನು ಆಲಿಸಬೇಕು. ಒಬ್ಬ ತಪ್ಪಿದರೆ ಎಂಟು ಮಂದಿಯೂ ನಿಲ್ಲುತ್ತಾರೆ. ಗಣನೆ, ಸ್ಮೃತಿ, ಏಕಾಗ್ರತೆ, ಸಹಬಾಳ್ವೆ ಇವೆಲ್ಲವನ್ನೂ ಒಂದೇ ಸಲಕ್ಕೆ ಅಭ್ಯಾಸ ಮಾಡಿಸುವ ಪಾಠ ಬೇರೆ ಎಷ್ಟಿವೆ? ಓದಿನಲ್ಲಿ ಹಿಂದುಳಿದು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಮಗುವೂ ಅಲ್ಲಿ ಮೊದಲನೆಯದಾಗಬಲ್ಲದು. ತಾನೂ ಒಂದನ್ನು ಬಲ್ಲೆನೆಂಬ ಧೈರ್ಯ ಬಂದ ಮಗು ಶಾಲೆಯನ್ನು ಬಿಟ್ಟುಹೋಗುವುದು ಕಷ್ಟ.

ಎರಡನೆಯ ಆಕ್ಷೇಪಣೆ ತಾಯಂದಿರದು. “ಹೆಣ್ಣುಮಕ್ಕಳನ್ನು ಕುಣಿಸುವುದು ಮಾನವಂತರ ಮನೆಗೆ ಒಪ್ಪುವುದೆ?” ಈ ಅಂಜಿಕೆಯ ಹಿಂದೆ ಒಂದು ಚರಿತ್ರೆಯಿದೆ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಗುಡಿಗಳಿಗೆ ಒಪ್ಪಿಸಿ, ಅವರ ಕಲೆಯನ್ನು ಮೆಚ್ಚುತ್ತಲೇ ಬಾಳನ್ನು ಹಾಳುಗೆಡವಿದ ಚರಿತ್ರೆ ಅದು. ಮೈಸೂರು ಸಂಸ್ಥಾನವು 1909ರಲ್ಲಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಕರ್ನಾಟಕದಲ್ಲಿ 1982ರ ಕಾಯಿದೆಯು ಒಪ್ಪಿಸುವ ಪದ್ಧತಿಯನ್ನೇ ಅಪರಾಧವನ್ನಾಗಿ ಮಾಡಿತು. ಇವೆರಡೂ ಆಗಲೇಬೇಕಾಗಿದ್ದ ಕೆಲಸಗಳು. ಆದರೆ ಅಲ್ಲಿ ಕಳಂಕವಿದ್ದುದು ಕಲೆಯಲ್ಲಲ್ಲ. ಒಂದು ಕುಲದ ಹೆಣ್ಣಿಗೆ ಬೇರೆ ದಾರಿಯನ್ನೇ ಉಳಿಸದ ಕಟ್ಟಳೆಯಲ್ಲಿ. ಕಡೂರು ಸೀಮೆಯ ಲಂಬಾಣಿ ತಾಂಡಾವೊಂದರಲ್ಲಿ 1906ರಲ್ಲಿ ಹುಟ್ಟಿದ ವೆಂಕಟಲಕ್ಷ್ಮಮ್ಮನವರು ಜಟ್ಟಿ ತಾಯಮ್ಮನವರಲ್ಲಿ ಅಭ್ಯಾಸ ಮಾಡಿ, ಮೈಸೂರಿನ ಆಸ್ಥಾನದಲ್ಲಿ ನರ್ತಿಸಿ, ಬಳಿಕ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ಅಧ್ಯಾಪಕಿಯಾದರು, 1992ರಲ್ಲಿ ಪದ್ಮಭೂಷಣರಾದರು. ಅರಮನೆಯ ಅಂಗಳದಿಂದ ತರಗತಿಯ ಕೋಣೆಗೆ ಬಂದಾಗ ಆ ಕಲೆಗೆ ದೊರೆತದ್ದು ಹೊಸ ಗೌರವ. ಶಾಲೆಯಲ್ಲಿ ಯಾರೂ ನೃತ್ಯಕ್ಕಾಗಿ ಹುಟ್ಟಿದವರಲ್ಲ; ಎಲ್ಲರೂ ಕಲಿಯುವವರೇ. ಆದ್ದರಿಂದ ಹೆಣ್ಣುಮಕ್ಕಳೊಂದಿಗೆ ಗಂಡುಮಕ್ಕಳೂ ಕಲಿಯಬೇಕೆಂಬುದು ನಮ್ಮ ಮೊದಲ ನಿಬಂಧನೆಯಾಗಿತ್ತು.

ಧರ್ಮಕ್ಕೆ ಒಗ್ಗದೆಂಬ ಮಾತನ್ನೂ ಒಬ್ಬರು ಆಡಿದರು. ಇದಕ್ಕೆ ಉತ್ತರ ಸುಲಭ. ಢಕ್ಕೆಯ ಬೊಮ್ಮಣ್ಣ, ಕಿನ್ನರಿ ಬೊಮ್ಮಯ್ಯ, ಬಹುರೂಪಿ ಚೌಡಯ್ಯ ಇವರ ಹೆಸರುಗಳೊಂದಿಗೇ ಅವರ ವಾದ್ಯ ವೇಷಗಳು ಅಂಟಿಕೊಂಡು ಬಂದಿವೆ. ಶರಣರು ಅವರನ್ನು ಕೆಳಗೆ ಕೂರಿಸಲಿಲ್ಲ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನು ಮದ್ದಳೆಯನ್ನು ನುಡಿಸುವವನಾಗಿಯೇ ಮಾಯೆಯ ಎದುರಿಗೆ ಬರುತ್ತಾನೆ. ವೀರಗಾಸೆ, ಪುರವಂತಿಕೆ, ನಂದಿಕೋಲು ಕುಣಿತಗಳು ಇಂದಿಗೂ ನಮ್ಮ ಜಾತ್ರೆಗಳ ಜೀವಾಳ. ದಕ್ಷಯಜ್ಞದ ಕಥೆಯನ್ನು ಒಡಪು ಹೇಳುತ್ತ ಖಡ್ಗ ಹಿಡಿದು ಕುಣಿಯುವವನಿಗೆ ಕೈಮುಗಿಯುವ ನಾವು, ಅದೇ ಹೆಜ್ಜೆಯನ್ನು ಮಗು ಶಾಲೆಯಲ್ಲಿ ಕಲಿತರೆ ಮುಖ ಸಿಂಡರಿಸುವುದು ತರವಲ್ಲ.

ನೃತ್ಯ ಭಕ್ತರ ಸೊತ್ತು ಮಾತ್ರವೆಂದೂ ತಿಳಿಯಬೇಕಾಗಿಲ್ಲ. ಅದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿ, ಓದಿನ ಹಂಬಲದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರು, ವಿಚಾರವಾದಿಗಳು, ಖಾದಿ ತೊಟ್ಟ ಬ್ರಹ್ಮಚಾರಿಗಳು. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ರಚಿಸಿದವರೂ ಅವರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಸಂಗೀತ, ನೃತ್ಯ, ನಾಟಕಗಳ ಅಧ್ಯಯನಕ್ಕೆ ಎಡೆಮಾಡಿಕೊಟ್ಟವರೂ, ಬೆಂಗಳೂರು ಲಲಿತಕಲಾ ಪರಿಷತ್ತನ್ನು ಕಟ್ಟಿ ಬೆಳೆಸಿದವರೂ ಅವರೇ. ಅವರ ಎಲ್ಲ ಅಭಿಪ್ರಾಯಗಳಿಗೆ ನಾವು ತಲೆದೂಗಲಾರೆವು. ಆದರೆ ಬಡತನದಿಂದ ಬಂದು ವಿಜ್ಞಾನವನ್ನು ಉಪಾಸಿಸಿದ ಆ ಹಿರಿಯರಿಗೆ ನೃತ್ಯ ವ್ಯರ್ಥ ವ್ಯಯವೆನಿಸಲಿಲ್ಲವೆಂಬುದು ಗಮನಾರ್ಹ.

ಇಷ್ಟು ಹೇಳಿದ ಮೇಲೆ ಸಭೆ ಬಹುಮಟ್ಟಿಗೆ ಒಪ್ಪಿತು. ನಿಜವಾದ ಕಗ್ಗಂಟು ಕಾಣಿಸಿಕೊಂಡದ್ದು ಆಗಲೇ. ಯಾವ ನೃತ್ಯ? ಪೇಟೆಯಿಂದ ಭರತನಾಟ್ಯದ ಶಿಕ್ಷಕಿಯನ್ನು ಕರೆಸೋಣವೆಂದರು ಕೆಲವರು. ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡು ಸಾಕೆಂದರು ಕೆಲವರು. ಊರಿನಲ್ಲೇ ತಮಟೆಯ ಹತ್ತಾರು ಗತ್ತುಗಳನ್ನು ಬಲ್ಲವರಿದ್ದಾರೆ, ಅವರನ್ನೇಕೆ ಕರೆಯಬಾರದೆಂದು ನಾವು ಕೇಳಿದೆವು. ಸಭೆ ಮೌನವಾಯಿತು. ಚಿಕ್ಕಬಳ್ಳಾಪುರ ಜಿಲ್ಲೆಯವರೇ ಆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಸಂದಿತು. ರಾಷ್ಟ್ರಪತಿಭವನ ಸ್ವಾಗತಿಸಿದ ವಾದ್ಯಕ್ಕೆ ಊರ ಶಾಲೆಯ ಬಾಗಿಲು ತೆರೆಯದೆ ಎಂದೆವು. ಆಗ ಹಿಂದೆ ನಿಂತಿದ್ದ ತರುಣನೊಬ್ಬ ಹೇಳಿದ ಮಾತು ನಮ್ಮನ್ನು ತಡೆದು ನಿಲ್ಲಿಸಿತು: “ಬುದ್ಧಿ, ನಮ್ಮ ತಂದೆ ತಮಟೆ ಬಡಿದದ್ದು ಇಷ್ಟಪಟ್ಟಲ್ಲ. ಹೆಣದ ಮುಂದೆ ಬಡಿ ಎಂದರೆ ಬಡಿಯಬೇಕಾಗಿತ್ತು. ನನ್ನ ಮಗನ ಕೈಗೆ ಶಾಲೆಯಲ್ಲೂ ಅದನ್ನೇ ಕೊಡುತ್ತೀರಾ?”

ಸಭೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ಇದೇ ತೂಕದ ಮಾತು. ತಮಟೆಯನ್ನು ಬಡಿಯುತ್ತ ಬಂದವರ ಮಕ್ಕಳಿಗೆ ಮಾತ್ರ ಅದನ್ನು ಕಲಿಸಿ, ಉಳಿದವರಿಗೆ ಭರತನಾಟ್ಯ ಕಲಿಸುವುದಾದರೆ, ಅದು ಶಿಕ್ಷಣವಲ್ಲ, ಹಳೆಯ ಸಂಕೋಲೆಗೆ ಹೊಸ ಬಣ್ಣ ಬಳಿದಂತೆ. ಆ ತರುಣನ ಮಗ ತಮಟೆ ಹಿಡಿಯುವ ಮೊದಲು ಗೌಡರ ಮಗ, ಶೆಟ್ಟರ ಮಗಳು, ಜಂಗಮರ ಮಗ ಅದನ್ನು ಹಿಡಿಯಬೇಕು. ಕಲಿಸುವವರು ಅಂಗಳದ ಮೂಲೆಯಲ್ಲಿ ನಿಲ್ಲದೆ, ಉಪಾಧ್ಯಾಯರ ಕೊಠಡಿಯಲ್ಲಿ ಉಳಿದವರ ಸಮಕ್ಕೆ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು. ಮಕ್ಕಳು ಅವರನ್ನು ಮೇಷ್ಟ್ರೇ ಎಂದು ಕರೆಯಬೇಕು. ತಿಂಗಳು ತಿಂಗಳು ಗೌರವಧನ ಸಲ್ಲಬೇಕು. ಇದಕ್ಕೆ ಊರು ಸಿದ್ಧವಿದ್ದರೆ ನೃತ್ಯವನ್ನು ಸೇರಿಸಿರಿ, ಇಲ್ಲವಾದರೆ ಆ ಎರಡು ಪಿರಿಯಡ್ಡು ಗಣಿತಕ್ಕೇ ಇರಲಿ ಎಂದು ನಾವು ಸ್ಪಷ್ಟವಾಗಿ ಹೇಳಿದೆವು.

ಚರ್ಚೆ ದೀಪ ಹಚ್ಚುವ ಹೊತ್ತಿನವರೆಗೂ ನಡೆಯಿತು. ಕೊನೆಗೆ ಐದರಿಂದ ಏಳನೆಯ ತರಗತಿಯವರೆಗೆ ಒಂದು ವರ್ಷ ಪ್ರಯೋಗಾರ್ಥವಾಗಿ ಕೋಲಾಟ, ವೀರಗಾಸೆ, ತಮಟೆಯ ಕುಣಿತ ಈ ಮೂರನ್ನೂ ಎಲ್ಲ ಮಕ್ಕಳಿಗೂ ಕಲಿಸುವುದೆಂದು ನಿರ್ಣಯವಾಯಿತು. ಪರೀಕ್ಷೆಯಾಗಲಿ ಬಹುಮಾನವಾಗಲಿ ಇರಬಾರದೆಂದು ನಾವು ಸೇರಿಸಿದೆವು; ಸ್ಪರ್ಧೆ ಬಂದೊಡನೆ ಚೆನ್ನಾಗಿ ಕುಣಿಯುವ ನಾಲ್ವರು ಉಳಿದು ಮಿಕ್ಕವರು ಪ್ರೇಕ್ಷಕರಾಗುತ್ತಾರೆ. ಭರತನಾಟ್ಯವನ್ನು ಆಳವಾಗಿ ಕಲಿಯಬಯಸುವವರಿಗೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ಹಾದಿ ಹೇಗೂ ಇದೆ. ಆ ತರುಣ ಒಪ್ಪಿದನೆಂದು ಹೇಳಲಾರೆವು. “ಮೊದಲು ಅವರ ಮಕ್ಕಳು ಹಿಡಿಯಲಿ, ಆಮೇಲೆ ನೋಡೋಣ” ಎಂದು ಹೇಳಿ ಹೊರಟನು. ಹಾಗೆ ಕೇಳುವ ಹಕ್ಕು ಅವನಿಗಿದೆ.

ಈ ಪತ್ರಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ತಮ್ಮ ತಮ್ಮ ಊರುಗಳಲ್ಲಿ ಒಂದು ಕುಣಿತವನ್ನಾದರೂ ಬಲ್ಲ ಹಿರಿಯರು ಇದ್ದೇ ಇರುತ್ತಾರೆ. ಅವರ ಮನೆಗೆ ತಾವೇ ಹೋಗಿ, ಯಾವ ಜಾತಿಯವರೆಂದು ನೋಡದೆ, ಗೌರವದಿಂದ ಶಾಲೆಗೆ ಕರೆದುಕೊಂಡು ಬನ್ನಿರಿ. ಮತ್ತು ಮೊದಲನೆಯ ಸಾಲಿನಲ್ಲಿ ತಮ್ಮ ಮಕ್ಕಳನ್ನೇ ನಿಲ್ಲಿಸಿರಿ.