ವಾಯಿದೆ

ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಕನ್ನಡ ನಾಡಿನಲ್ಲಿ ಹಳೆಯದು. ಹೊಲದ ಬದುವಿಗಾಗಿ ಹೊಡೆದಾಡುವ ಅಣ್ಣತಮ್ಮಂದಿರನ್ನು ಕಂಡು ಹಿರಿಯರು ಆಡಿದ ಮಾತಿರಬೇಕು ಅದು. ಯಾರೊಡನೆಯೂ ಜಗಳವಾಡದೆ, ರಸ್ತೆಯ ಎಡಬದಿಯಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿದ್ದವನೂ ಒಂದು ದಿನ ಅದೇ ಮೆಟ್ಟಿಲನ್ನು ಹತ್ತಬೇಕಾದೀತೆಂದು ಅವರು ಎಣಿಸಿರಲಾರರು.

ಒಬ್ಬ ಬಡಗಿಯ ಸಂಗತಿಯನ್ನೇ ನೋಡಬಹುದು. 2015ರಲ್ಲಿ ಆತನ ವಯಸ್ಸು 34. ಸಂಜೆ ಕೆಲಸ ಮುಗಿಸಿ, ಬಾಚಿ ಉಳಿಗಳ ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದಾಗ ಹಿಂದಿನಿಂದ ಬಂದ ಲಾರಿಯೊಂದು ಬಡಿಯಿತು. ಪ್ರಾಣ ಉಳಿಯಿತು, ಎಡಗೈಯೂ ಉಳಿಯಿತು, ಅದರ ಹಿಡಿತ ಮಾತ್ರ ಉಳಿಯಲಿಲ್ಲ. ಆಸ್ಪತ್ರೆಗೆ ಬಂದ ನೆಂಟರಿಷ್ಟರದೆಲ್ಲ ಒಂದೇ ಸಮಾಧಾನ: “ಲಾರಿಗೆ ವಿಮೆಯಿದೆ, ದುಡ್ಡು ಬಂದೇ ಬರುತ್ತದೆ.” ಆ ಮಾತು ಸುಳ್ಳಾಗಿರಲಿಲ್ಲ. ಎಂದು ಬರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಇಂಥವರು ಸಿವಿಲ್ ನ್ಯಾಯಾಲಯದ ದೀರ್ಘಮಾರ್ಗವನ್ನು ತುಳಿಯದಿರಲೆಂದೇ 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ತಿದ್ದುಪಡಿ ತಂದು ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿ ಮಾಡಿದರು. 1988ರ ಕಾಯಿದೆಯೂ ಆ ಏರ್ಪಾಡನ್ನು ಉಳಿಸಿಕೊಂಡಿತು. ಬೇಗ ಮುಗಿಯಬೇಕೆಂಬ ಆಸೆಯಿಂದ ಹುಟ್ಟಿದ ಸಂಸ್ಥೆ ಅದು. ಆದರೂ ತಡವಾಗುತ್ತದೆ.

ತಡಕ್ಕೆ ಮೊದಲ ಕಾರಣ ದೇಹವೇ. ಮೂಳೆ ಕೂಡಬೇಕು, ಗಾಯ ಮಾಯಬೇಕು, ಇನ್ನು ಸುಧಾರಿಸುವುದು ಉಳಿದಿಲ್ಲವೆಂದು ವೈದ್ಯರಿಗೆ ಖಚಿತವಾಗಬೇಕು. ಅಲ್ಲಿಯವರೆಗೆ ಶಾಶ್ವತ ನ್ಯೂನತೆ ಎಷ್ಟೆಂದು ಅಳೆಯುವಂತಿಲ್ಲ. ಈ ವಿಳಂಬಕ್ಕೆ ಯಾರನ್ನೂ ದೂರಲಾಗದು. ಎರಡನೆಯದು ಕಾಗದದ ವಿಳಂಬ. ಲಾರಿಯ ಮಾಲೀಕ ಮನೆಯಲ್ಲಿಲ್ಲವೆಂದು ಸಮನ್ಸು ಹಿಂದಿರುಗುತ್ತದೆ. ಚಾಲಕನ ಲೈಸೆನ್ಸು ಸರಿಯಿತ್ತೇ ಎಂದು ವಿಮಾ ಕಂಪೆನಿಯವರು ವಿಚಾರಿಸುತ್ತಾರೆ. ಸಾಕ್ಷಿ ಹೇಳಬೇಕಾದ ವೈದ್ಯರಿಗೆ ಅಂದೇ ಶಸ್ತ್ರಚಿಕಿತ್ಸೆಯಿರುತ್ತದೆ. ಬಡಗಿ ಬೆಳಗಿನ ಮೊದಲ ಬಸ್ಸು ಹಿಡಿದು ಹೋಗಿ, ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕುಳಿತು, ಸಂಜೆ ಹಿಂದಿರುಗುತ್ತಿದ್ದ. ಹೆಂಡತಿ ಬಾಗಿಲಲ್ಲೇ ಕೇಳುವಳು:

“ಏನಾಯ್ತು?”

“ವಾಯಿದೆ ಬಿತ್ತು.”

ನಾಲ್ಕನೆಯ ತರಗತಿಯ ಮಗ ಈ ಮಾತನ್ನು ಎಷ್ಟು ಸಲ ಕೇಳಿದ್ದನೆಂದರೆ, ಗೆಳೆಯರು ತಮ್ಮ ಗೋಲಿಗಳನ್ನು ಮರಳಿ ಕೇಳಿದಾಗ ತಾನೂ “ವಾಯಿದೆ” ಎನ್ನತೊಡಗಿದ. ಮನೆಯವರು ನಕ್ಕರು. ಆ ಮನೆಯಲ್ಲಿ ಆ ದಿನಗಳಲ್ಲಿ ನಗಲು ಬೇರೆ ಕಾರಣಗಳು ಹೆಚ್ಚಿರಲಿಲ್ಲ.

ಮೂರನೆಯದು ಲೆಕ್ಕದ ವಿಳಂಬ. ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯೊಂದನ್ನು ಸ್ಥಿರಪಡಿಸಿತು. 31ರಿಂದ 35 ವರ್ಷದವರಿಗೆ ಗುಣಕ 16. ತಿಂಗಳಿಗೆ 10,000 ರೂಪಾಯಿ ದುಡಿಮೆಯೆಂದರೆ, ಹನ್ನೆರಡು ತಿಂಗಳಿಗೂ ಹದಿನಾರಕ್ಕೂ ಗುಣಿಸಿ 19,20,000. ಇದರಲ್ಲಿ ಎಷ್ಟು ಪಾಲು ನಷ್ಟವಾಯಿತೆಂಬುದೇ ವಾದ. ವೈದ್ಯರು ಕೈಗೆ ಶೇಕಡ 45, ಇಡೀ ದೇಹಕ್ಕೆ 15 ಎಂದು ಬರೆದರು. ಕಂಪೆನಿಯ ವಕೀಲರು ಹದಿನೈದನ್ನೇ ಹಿಡಿದರು. ಆ ಲೆಕ್ಕಕ್ಕೆ 2,88,000. ಬಡಗಿಯ ವಕೀಲರು 60 ಎಂದರು, ಅದಕ್ಕೆ 11,52,000. ನಷ್ಟವಾದದ್ದು ಅಂಗದ ಎಷ್ಟು ಪಾಲು ಎಂಬುದಕ್ಕಿಂತ ಸಂಪಾದನೆಯ ಎಷ್ಟು ಪಾಲು ಎಂಬುದನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2010ರಲ್ಲಿ ವಿವರಿಸಿದೆ. ಎಡಗೈ ಹೋದ ಸರ್ಕಾರಿ ಗುಮಾಸ್ತನ ನಷ್ಟ ಬೇರೆ, ಬಡಗಿಯ ನಷ್ಟ ಬೇರೆ. ಒಂದು ಕೈ ಹಲಗೆಯನ್ನು ಒತ್ತಿ ಹಿಡಿಯದಿದ್ದರೆ ಇನ್ನೊಂದು ಕೈಯ ಉಳಿಗೆ ಕೆಲಸವೆಲ್ಲಿ?

ಈ ನಡುವೆ ಲೋಕ ಅದಾಲತ್ತಿನಲ್ಲಿ ರಾಜಿಯ ಮಾತು ಬಂದಿತು. ಮೂರು ಲಕ್ಷ, ಬೇಗನೆ ಕೈಸೇರುತ್ತದೆ, ಅದರ ಮೇಲೆ ಮೇಲ್ಮನವಿಯಿಲ್ಲ. ರಾಜಿ ಕೆಟ್ಟದ್ದಲ್ಲ, ಎಷ್ಟೋ ಮನೆಗಳನ್ನು ಅದು ಉಳಿಸಿದೆ. ಆದರೆ ಹಸಿದವನು ಚೌಕಾಸಿಗೆ ಕುಳಿತರೆ ಅವನ ಪರವಾಗಿ ಮಾತನಾಡುವುದು ಹಸಿವೇ. ವಿಮಾ ಕಂಪೆನಿಗೆ ಹತ್ತು ವರ್ಷ ಕಾಯುವುದು ಕಷ್ಟವಲ್ಲ; ಬಡಗಿಗೆ ಹತ್ತು ತಿಂಗಳೂ ಕಷ್ಟ. ಆತ ಒಪ್ಪಲಿಲ್ಲ. ಕೀಸುಳಿಯನ್ನು ಮಾರಿದ, ಬಾಚಿಯನ್ನು ಮಾರಿದ, ಒಂದು ಉಳಿಯನ್ನು ಮಾತ್ರ ಇಟ್ಟುಕೊಂಡ. ಏಳನೆಯ ತರಗತಿ ಮುಗಿಸಿದ ಮಗ ಶಾಲೆ ಬಿಟ್ಟು ಮರಗೆಲಸದ ಅಂಗಡಿಯೊಂದಕ್ಕೆ ಹೋಗತೊಡಗಿದ.

2019ರಲ್ಲಿ ನ್ಯಾಯಮಂಡಳಿಯ ತೀರ್ಪು ಆತನ ಪರವಾಗಿಯೇ ಬಂದಿತು. ಕಂಪೆನಿ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. ಅದಕ್ಕೆ ಕಾಯಿದೆ ಕೇಳುವ ಠೇವಣಿ 25,000 ರೂಪಾಯಿ ಅಥವಾ ತೀರ್ಪಿನ ಅರ್ಧ, ಇವೆರಡರಲ್ಲಿ ಕಡಿಮೆಯಾದದ್ದು. ಹಣ ಕೈಸೇರುವ ಹೊತ್ತಿಗೆ 2022. ಇದೇನು ಅತಿಶಯವಲ್ಲ. ಗುಣಕಗಳ ಪಟ್ಟಿಯನ್ನು ಕೊಟ್ಟ ಆ ಪ್ರಸಿದ್ಧ ಪ್ರಕರಣದಲ್ಲಿ ದೆಹಲಿಯ ಅಪಘಾತ ನಡೆದದ್ದು 1988ರಲ್ಲಿ. ನ್ಯಾಯಮಂಡಳಿಯ ತೀರ್ಪು 1993ರಲ್ಲಿ, ಉಚ್ಚ ನ್ಯಾಯಾಲಯದ್ದು 2007ರಲ್ಲಿ, ಕೊನೆಯದು 2009ರಲ್ಲಿ. ತಂದೆ ತೀರಿಕೊಂಡಾಗ ಎಳೆಯರಾಗಿದ್ದ ಮೂವರು ಮಕ್ಕಳು ಲೆಕ್ಕ ಮುಗಿಯುವಾಗ ದೊಡ್ಡವರಾಗಿದ್ದರು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ನ್ಯಾಯಾಲಯವು ತಡವಾದ ಹಣಕ್ಕೆ ಬಡ್ಡಿ ಕೊಡಿಸುತ್ತದೆ. ಬಡಗಿಗೂ ಶೇಕಡ ಆರರಂತೆ ಕೊಡಿಸಿತು. ಮುಂದೆ ದುಡಿಯಬಹುದಾಗಿದ್ದ ವರ್ಷಗಳಿಗೆ ಗುಣಕವುಂಟು. ಕಾಯುತ್ತ ಕಳೆದ ವರ್ಷಗಳಿಗೆ, ಬಿಟ್ಟ ಶಾಲೆಗೆ, ಯಾವ ಪಟ್ಟಿಯಲ್ಲಿಯೂ ಅಂಕಿಯಿಲ್ಲ.

ಬಂದ ಹಣದಿಂದ ಸಾಲ ತೀರಿತು. ಒಂದು ಪಾಲು ನ್ಯಾಯಾಲಯದ ಆಜ್ಞೆಯಂತೆ ಬ್ಯಾಂಕಿನಲ್ಲಿದೆ. ಮಗ ಈಗ ಒಳ್ಳೆಯ ಕೆಲಸಗಾರನೆನಿಸಿದ್ದಾನೆ. ಅಪ್ಪನ ಉಳಿ ಅವನ ಕೈಗೆ ಚೆನ್ನಾಗಿ ಹೊಂದಿಕೊಂಡಿದೆಯೆಂದು ನೆರೆಹೊರೆಯವರು ಮೆಚ್ಚಿ ಆಡುತ್ತಾರೆ. ಬಡಗಿ ಆ ಮಾತಿಗೆ ತಲೆದೂಗುವುದಿಲ್ಲ.