ಗ್ರ್ಯಾಂಡ್ ನದಿಯ ದಂಡೆಯಲ್ಲಿ ಒಂದು ಪಾಠಶಾಲೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಗ್ರ್ಯಾಂಡ್ ನದಿ ಹಿಂದೆ ಒಂದೆಡೆ ಬಂಡೆಗಳ ಮೇಲೆ ರಭಸದಿಂದ ಹರಿಯುತ್ತಿತ್ತು. ಆ ರಭಸವೇ ಅಲ್ಲಿ ಬೆಳೆದ ಊರಿಗೆ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಹೆಸರು ತಂದಿತು. ಮರದ ಪೀಠೋಪಕರಣಗಳಿಗೆ ಹೆಸರಾದ ಈ ಊರಿನಲ್ಲಿ, ನದಿಯ ಪಶ್ಚಿಮ ದಂಡೆಯ ಮೇಲೆ ತ್ರಿಕೋನಾಕಾರದ ಕಟ್ಟಡವೊಂದಿದೆ. 1981ರಲ್ಲಿ ಆರಂಭವಾದ ಅದು ಅಮೆರಿಕದ 38ನೆಯ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ವಸ್ತುಸಂಗ್ರಹಾಲಯ.

ಶ್ವೇತಭವನದಲ್ಲಿ ಫೋರ್ಡ್ ಕುಳಿತಿದ್ದ ಕಚೇರಿಯ ಯಥಾವತ್ ಪ್ರತಿಕೃತಿ ಇಲ್ಲಿದೆ. ಆದರೆ ನೋಡುಗರನ್ನು ತಡೆದು ನಿಲ್ಲಿಸುವುದು ಬೇರೊಂದು: ಕಳ್ಳರ ಸಲಕರಣೆಗಳು! 1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದ ಬಾಗಿಲೊಂದರ ಬೀಗಕ್ಕೆ ಅಂಟುಪಟ್ಟಿ ಹಚ್ಚಿದ್ದನ್ನು ಕಾವಲುಗಾರ ಫ್ರ್ಯಾಂಕ್ ವಿಲ್ಸ್ ಕಂಡರು. ಅಗುಳಿ ಹೊರಚಾಚದಂತೆ ಪಟ್ಟಿ ಒತ್ತಿಹಿಡಿದರೆ ಬಾಗಿಲು ಮುಚ್ಚಿದಂತೆ ಕಂಡರೂ ಬೀಗ ಬೀಳದು. ವಿಲ್ಸ್ ಅದನ್ನು ಕಿತ್ತರು. ಮತ್ತೆ ಬಂದಾಗ ಪಟ್ಟಿ ಪುನಃ ಅಂಟಿತ್ತು. ಪೊಲೀಸರು ಬಂದರು, ಡೆಮಾಕ್ರಟಿಕ್ ಪಕ್ಷದ ಕಚೇರಿಯಲ್ಲಿ ಐವರು ಸಿಕ್ಕಿಬಿದ್ದರು. ಆ ಸಣ್ಣ ಪಟ್ಟಿಯ ಜಾಡು ಕೊನೆಗೆ ಅಧ್ಯಕ್ಷ ನಿಕ್ಸನ್‌ರ ಬಾಗಿಲನ್ನೇ ಮುಟ್ಟಿತು.

1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆ ನೀಡಿದಾಗ ಆ ಸ್ಥಾನಕ್ಕೆ ಬಂದವರು ಫೋರ್ಡ್. ಗ್ರ್ಯಾಂಡ್ ರ‍್ಯಾಪಿಡ್ಸ್ ಜನ ಅವರನ್ನು 13 ಬಾರಿ ಸಂಸತ್ತಿಗೆ ಕಳುಹಿಸಿದ್ದರು. ಆದರೆ ದೇಶದ ಮತದಾರರು ಅವರನ್ನು ಉಪಾಧ್ಯಕ್ಷರನ್ನಾಗಿ ಆರಿಸಿರಲಿಲ್ಲ, ಅಧ್ಯಕ್ಷರನ್ನಾಗಿಯೂ ಅಲ್ಲ. ನಂಬಿಕೆ ಮುರಿದ ದೇಶಕ್ಕೆ ಇಂಥವರೊಬ್ಬರು ನಂಬಿಕೆ ಕಟ್ಟಿಕೊಡಬೇಕಿತ್ತು. ಜನ ತಮ್ಮನ್ನು ಮತದಿಂದ ಆರಿಸಿಲ್ಲವೆಂದು ಅವರೇ ಮೊದಲ ಭಾಷಣದಲ್ಲಿ ಹೇಳಿಕೊಂಡರು.

ಒಂದು ತಿಂಗಳಲ್ಲೇ ಅಗ್ನಿಪರೀಕ್ಷೆ ಬಂತು. ಸೆಪ್ಟೆಂಬರ್ 8ರಂದು ಅವರು ನಿಕ್ಸನ್‌ಗೆ ಪೂರ್ಣ ಕ್ಷಮಾದಾನ ನೀಡಿದರು. ಅಂದೇ ಅವರ ಪತ್ರಿಕಾ ಕಾರ್ಯದರ್ಶಿ ಪ್ರತಿಭಟಿಸಿ ಕೆಲಸ ಬಿಟ್ಟರು. ಗ್ಯಾಲಪ್ ಸಮೀಕ್ಷೆಯಲ್ಲಿ ಆಗಸ್ಟ್‌ನಲ್ಲಿ ಶೇಕಡಾ 71ರಷ್ಟಿದ್ದ ಜನಬೆಂಬಲ ತಿಂಗಳ ಕೊನೆಗೆ ಶೇಕಡಾ 50ಕ್ಕೆ ಕುಸಿಯಿತು. ಒಳಒಪ್ಪಂದದ ಗುಮಾನಿ ಎದ್ದಿತು. ಅಕ್ಟೋಬರ್ 17ರಂದು ಫೋರ್ಡ್ ತಾವೇ ಸಂಸದೀಯ ಉಪಸಮಿತಿಯ ಮುಂದೆ ಕುಳಿತು ಪ್ರಶ್ನೆಗಳಿಗೆ ಉತ್ತರಿಸಿದರು, ಒಪ್ಪಂದ ನಡೆದಿಲ್ಲವೆಂದರು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರು ಹೀಗೆ ಬರುವುದು ಬಲು ಅಪರೂಪ.

ಆದರೂ 1976ರ ಚುನಾವಣೆಯಲ್ಲಿ ಅವರು ಸೋತರು. ಗೆದ್ದ ಜಿಮ್ಮಿ ಕಾರ್ಟರ್, ದೇಶದ ಗಾಯ ಮಾಯಿಸಲು ಶ್ರಮಿಸಿದ್ದಕ್ಕಾಗಿ ಅಧಿಕಾರ ಸ್ವೀಕಾರದ ಭಾಷಣದಲ್ಲೇ ಫೋರ್ಡ್‌ಗೆ ವಂದನೆ ಸಲ್ಲಿಸಿದರು. 2001ರಲ್ಲಿ ಕೆನಡಿ ಪ್ರತಿಷ್ಠಾನ ಅದೇ ಕ್ಷಮಾದಾನಕ್ಕಾಗಿ ಅವರಿಗೆ ಧೈರ್ಯದ ಪುರಸ್ಕಾರ ನೀಡಿತು. ಕಾನೂನು ಎಲ್ಲರಿಗೂ ಒಂದೇ ಆಗಬೇಕಿತ್ತು ಎನ್ನುವವರ ಮಾತಿನಲ್ಲೂ ಹುರುಳಿದೆ.

2006ರಲ್ಲಿ ತೀರಿಕೊಂಡ ಫೋರ್ಡ್‌ರ ಸಮಾಧಿ ಈ ಸಂಗ್ರಹಾಲಯದ ಆವರಣದಲ್ಲೇ ಇದೆ. ತಪ್ಪನ್ನು ಮುಚ್ಚಿಟ್ಟಿದ್ದರಿಂದ ಒಬ್ಬ ಅಧ್ಯಕ್ಷ ಅಧಿಕಾರ ಕಳೆದುಕೊಂಡರು. ಅದೇ ಪಕ್ಷದ ಇನ್ನೊಬ್ಬ ಅಧ್ಯಕ್ಷರ ಸ್ಮಾರಕದಲ್ಲಿ ಆ ತಪ್ಪಿನ ಸಲಕರಣೆಗಳನ್ನೇ ಶಾಲಾ ಮಕ್ಕಳು ನೋಡಲೆಂದು ಇಟ್ಟಿದ್ದಾರೆ. ನಂಬಿಕೆ ಮರಳುವ ದಾರಿ ಎಲ್ಲಿಂದ ಆರಂಭವಾಗುತ್ತದೆಂದು ತಿಳಿಯಲು ಇಷ್ಟು ಸಾಕು.