ಸೋಲದ ವೀರನೊಡನೆ ಆಟ

ಹಾರೂಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ರವಿವಾರ ಮಧ್ಯಾಹ್ನದ ಊಟವಾದ ತರುವಾಯ ಕಂಬಳಿ ಹಾಸಿ, ನಡುವೆ ಒಂದು ಮಣೆಯನ್ನಿಟ್ಟು, ಮಕ್ಕಳೂ ನಾವೂ ಸುತ್ತುಗೂಡಿ ಕುಳ್ಳಿರುವುದು ಈಗ ಎರಡು ವರ್ಷದ ರೂಢಿಯಾಗಿದೆ. ಬಂದವರು ಪಗಡೆಯಾಟವೆಂದು ಭ್ರಮಿಸಿ ಬಗ್ಗಿ ನೋಡುತ್ತಾರೆ. ನೋಡಿದರೆ ಪಗಡೆಯ ಹಾಸೂ ಇಲ್ಲ, ಕಾಯಿಯೂ ಇಲ್ಲ; ದಾಳವೊಂದಿದೆ, ಅದಕ್ಕೋ ಇಪ್ಪತ್ತು ಮುಖ! ಇದೆಂತಹ ಜೂಜೆಂದು ನೆರೆಮನೆಯ ಹಿರಿಯರೊಬ್ಬರು ಕೇಳಿಯೂ ಬಿಟ್ಟರು.

ಜೂಜಲ್ಲ, ಇದೊಂದು ಕಥೆಯ ಆಟ. ಅಮೇರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಇದನ್ನು ಅಚ್ಚಿಗೆ ತಂದರು. 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂದು ಇದರ ಹೆಸರು. ಒಬ್ಬನು ಕಥೆ ಹೇಳುವ ಸೂತ್ರಧಾರ. ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರವಾಗಿ, ತಾವೇನು ಮಾಡುವೆವೆಂಬುದನ್ನು ಬಾಯಿಂದಲೇ ಹೇಳುತ್ತಾರೆ. ಕೈಗೂಡಿತೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳವು ತೀರ್ಪು ಕೊಡುತ್ತದೆ. ಪುಣೆಯಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗನು ಪುಸ್ತಕವನ್ನೂ ದಾಳಗಳನ್ನೂ ತಂದು ನಮ್ಮ ಕೈಗಿತ್ತು ಹೋದನು. ಪುಸ್ತಕವು ಇಂಗ್ಲಿಷಿನದು, ನಾವು ಆಡುವುದು ನಮ್ಮ ಮಾತಿನಲ್ಲಿ. ಸೂತ್ರಧಾರಿಕೆಯ ಭಾರ ನಮ್ಮದು. ಮಕ್ಕಳು ನಮ್ಮನ್ನು ಭಾಗವತನೆಂದೇ ಕರೆಯುತ್ತಾರೆ.

ನಮ್ಮ ಅಣ್ಣನ ಹಿರಿಯ ಮಗನ ಪಾತ್ರಕ್ಕೆ ವಜ್ರಕಾಯನೆಂದು ಹೆಸರು. ಹೋದ ವರ್ಷ ಆ ಹುಡುಗನು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ಯಾರ ಮುಖವನ್ನೂ ನೋಡದೆ ಅಟ್ಟದ ಮೇಲೆ ಕುಳಿತ ದಿವಸಗಳಿದ್ದವು. ಆಗ ನಾವು ಅವನನ್ನು ಕೆಳಗೆ ಕರೆತಂದದ್ದು ಈ ಆಟದ ಆಸೆಯಿಂದ. ಅವನ ಮುಖದಲ್ಲಿ ನಗೆ ಕಾಣಬೇಕೆಂಬ ಹಂಬಲದಿಂದ ಒಂದು ರವಿವಾರ ಉರಿಯುವ ಖಡ್ಗವನ್ನು ಕೊಟ್ಟೆವು. ಮರು ರವಿವಾರ ಯಾರೂ ಭೇದಿಸಲಾಗದ ಕವಚವನ್ನು ಕೊಟ್ಟೆವು. ಮೋಹವೆಂದರೂ ಸರಿಯೇ. ಭಸ್ಮಾಸುರನಿಗೆ ವರವಿತ್ತ ಶಿವನ ಪಾಡು ನಮ್ಮದಾಯಿತೆಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಗುಹೆಯ ಬಾಗಿಲಲ್ಲಿ ರಾಕ್ಷಸನು ಗರ್ಜಿಸುವುದರೊಳಗೆ ವಜ್ರಕಾಯನು ಅವನನ್ನು ಕೆಡವಿರುತ್ತಿದ್ದನು. ಅವನ ತಂಗಿ, ಹತ್ತು ವರ್ಷದವಳು, ಗುಬ್ಬಿಯೆಂಬ ಪಾತ್ರದವಳು. ಪಶುಪಕ್ಷಿಗಳೊಡನೆ ಮಾತಾಡುವ ವಿದ್ಯೆಯಲ್ಲದೆ ಅವಳ ಬಳಿ ಬೇರೊಂದು ಆಯುಧವಿರಲಿಲ್ಲ. ಒಂದು ರವಿವಾರ ಅವಳು ಕಂಬಳಿಗೆ ಬರಲೇ ಇಲ್ಲ. ಹಿತ್ತಲಲ್ಲಿ ಕುಳಿತವಳನ್ನು ಕರೆದರೆ, “ನಾ ಬಂದು ಏನ್ ಮಾಡ್ಲಿ ಕಾಕಾ? ಎಲ್ಲಾರ್ನೂ ಅಣ್ಣಾನ ಹೊಡೀತಾನ. ನಾ ಅವನ ಚಪ್ಲಿ ಕಾಯಾಕ ಕುಂಡ್ರಬೇಕೇನ?” ಎಂದಳು. ನಮಗೆ ಉತ್ತರ ತೋಚಲಿಲ್ಲ.

ವೀರನು ಬೆಳೆದನೆಂದರೆ ರಾಕ್ಷಸನನ್ನೂ ಬೆಳೆಸುವುದು ಯಾರಿಗೂ ಮೊದಲು ಹೊಳೆಯುವ ಉಪಾಯ. ನಾವೂ ಅದನ್ನೇ ಮಾಡಿದೆವು. ಅದರ ಲೆಕ್ಕವನ್ನು ವಾಚಕರು ನೋಡಬೇಕು. ನಮ್ಮ ಹಳೆಯ ರಾಕ್ಷಸನ ಪೆಟ್ಟು ವಜ್ರಕಾಯನಿಗೆ ತಗಲಬೇಕಾದರೆ ದಾಳದಲ್ಲಿ 18 ಅಥವಾ ಅದಕ್ಕೂ ಹೆಚ್ಚು ಬೀಳಬೇಕು. ಎಂದರೆ 20 ಪೆಟ್ಟಿನಲ್ಲಿ ಸರಾಸರಿ ಮೂರು. ಗುಬ್ಬಿಗೆ ತಗಲಲು 9 ಬಿದ್ದರೆ ಸಾಕು, 20ರಲ್ಲಿ ಹನ್ನೆರಡು. ರಾಕ್ಷಸನ ಬಲವನ್ನು ಐದರಷ್ಟು ಏರಿಸಿದೆವು. ವಜ್ರಕಾಯನಿಗೆ 20ರಲ್ಲಿ ಎಂಟು ಪೆಟ್ಟು ತಗಲುವಂತಾಯಿತು, ನಿಜ. ಆದರೆ ಗುಬ್ಬಿಗೆ ಹದಿನೇಳು! ಅಣ್ಣನಿಗೆ ಗೀರು ಬೀಳುವಷ್ಟರಲ್ಲಿ ತಂಗಿಯು ನೆಲಕ್ಕೊರಗಿದಳು. ಕಬ್ಬಿನ ಗಾಣಕ್ಕೆ ಸಿಕ್ಕ ಹೂವಿನಂತೆ.

ಆಮೇಲೆ ಇನ್ನೊಂದು ತಪ್ಪು ಮಾಡಿದೆವು, ಅದು ಮೊದಲಿನದಕ್ಕಿಂತ ಹೀನವಾದದ್ದು. ರಾತ್ರಿಯಲ್ಲಿ ಕಳ್ಳನು ಬಂದು ಖಡ್ಗವನ್ನು ಕದ್ದನೆಂದು ಕಥೆ ಹೇಳಿದೆವು. ಹುಡುಗನು ದಾಳವನ್ನು ಕೆಳಗಿಟ್ಟು, “ಕಾಕಾ, ನೀವ ಕೊಟ್ರಿ, ನೀವ ಕಸಗೊಂಡ್ರಿ. ಇದಕ್ಕ ಆಟ ಅಂತಾರೇನ್ರಿ?” ಎಂದು ಮತ್ತೆ ಅಟ್ಟವನ್ನು ಏರಿದನು. ಪರೀಕ್ಷೆಯ ಫಲ ಬಂದ ದಿನದ ಮುಖವೇ ಅದು. ಆ ಖಡ್ಗದಲ್ಲಿ ಅವನು ಏನನ್ನು ಹಿಡಿದುಕೊಂಡಿದ್ದನೆಂಬುದು ನಮಗೆ ಆಗ ತಿಳಿದುಬಂದಿತು. ಮರುವಾರ ಕಳ್ಳನನ್ನು ಹಿಡಿಸಿ, ಖಡ್ಗವನ್ನು ಮರಳಿ ಕೊಟ್ಟು, ಕ್ಷಮೆಯನ್ನೂ ಕೇಳಿಕೊಂಡೆವು.

ಈ ಆಟವನ್ನು ಕಟ್ಟಿದವರೂ ಈ ಪೇಚನ್ನು ಕಂಡವರೇ. ತನ್ನ ಮೇಜಿನಲ್ಲಿ ಪಳಗಿ ಬಲಿತ ಆಟಗಾರರಿಗಾಗಿ ಗೈಗ್ಯಾಕ್ಸ್‌ನು ಒಂದು ಭಯಂಕರ ಗೋರಿಯ ಕಥೆಯನ್ನು ಹೆಣೆದನು. 1978ರಲ್ಲಿ ಅದು ಅಚ್ಚಾಯಿತು. ಅಲ್ಲಿ ಭುಜಬಲಕ್ಕೆ ಬೆಲೆ ಕಡಿಮೆ. ಗೋಡೆಯ ಮೇಲೊಂದು ಹಸಿರು ಪಿಶಾಚಿಯ ಮೋರೆ, ಅದರ ತೆರೆದ ಬಾಯೊಳಗೆ ಹೊಕ್ಕವನು ಎಂತಹ ಶೂರನಾದರೂ ನಿರ್ನಾಮ. ನಮಗೆ ಇದು ರುಚಿಸಲಿಲ್ಲ. ಇದು ಪರೀಕ್ಷೆಗಿಂತ ಬೇಟೆಯಂತಿದೆ. 1987ರಲ್ಲಿ 'ಡ್ರಾಗನ್' ಎಂಬ ಮಾಸಪತ್ರಿಕೆಯ ಸಂಪಾದಕ ರೋಜರ್ ಮೂರ್ ಬರೆದ ಕಥನವು ಅದಕ್ಕಿಂತ ಮೇಲು. ಅಲ್ಪ ಜೀವಿಗಳು ಬೆಂಕಿ, ಹೊಗೆ, ಇಕ್ಕಟ್ಟಾದ ಓಣಿಗಳನ್ನು ಉಪಾಯದಿಂದ ಬಳಸಿ ಮಹಾವೀರರನ್ನು ಓಡಿಸಿದ ಪ್ರಸಂಗವದು. ಬಲವನ್ನು ಹೆಚ್ಚಿಸದೆ ಸ್ಥಳವನ್ನು ಬದಲಿಸಿದ ಜಾಣತನ.

ಆದರೂ ನಮಗೆ ದಾರಿ ತೋರಿದವಳು ನಮ್ಮ ಅವ್ವ. ನಮ್ಮ ಜಿಲ್ಲೆಯ ಕುಲಗೋಡ ತಮ್ಮಣ್ಣನವರು ಬೆಳೆಸಿದ ಶ್ರೀಕೃಷ್ಣ ಪಾರಿಜಾತವನ್ನು ಬೆಳತನಕ ಕುಳಿತು ನೋಡಿದವಳು ಅವಳು. ಕಾಳು ಆರಿಸುತ್ತ ನಮ್ಮ ಗೋಳನ್ನೆಲ್ಲ ಕೇಳಿ, “ಸತ್ಯಭಾಮಾನ ಸೊಕ್ಕ ಯಾರರೆ ಬಡದು ಇಳಿಸಿದ್ರೇನೋ? ಭಾಗವತ ಅಕಿನ್ನ ಕೇಳಿಕೋತ ಹೋಗ್ತಾನ. ಅಕಿ ಹೇಳಿಕೋತ ಹೋಗ್ತಾಳ. ನೀನೂ ಭಾಗವತ ಅನಿಸ್ಕೊಂಡೀ, ಕೇಳಾಕ ಬರಂಗಿಲ್ಲೇನು?” ಎಂದಳು.

ಕೇಳುವುದೆಂದರೆ ಏನನ್ನು? ಖಡ್ಗದಿಂದ ಉತ್ತರ ಕೊಡಲಾಗದ ಪ್ರಶ್ನೆಯನ್ನು. ಅದನ್ನು ಹುಡುಕಲು ನಾವು ಬಹು ದೂರ ಹೋಗಬೇಕಾಗಲಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ರಾಯಬಾಗ, ಚಿಕ್ಕೋಡಿ, ಅಥಣಿ ತಾಲೂಕುಗಳ ಹೊಳೆದಂಡೆಯ ಊರುಗಳನ್ನು ಹೊಕ್ಕಾಗ, ನಮ್ಮ ಬೀಗರ ಮನೆಯವರು ಹದಿನೈದು ದಿನ ಇದೇ ಪಡಸಾಲೆಯಲ್ಲಿ ಮಲಗಿದ್ದರು. ಅವರ ಮನೆಯ ಮುದುಕಿಯೊಬ್ಬಳು ಎಮ್ಮೆಯನ್ನು ಬಿಟ್ಟು ಬರಲಾರೆನೆಂದು ಹಟ ಹಿಡಿದ ವೃತ್ತಾಂತವನ್ನು ಮಕ್ಕಳೆಲ್ಲ ಬಲ್ಲರು.

ಮುಂದಿನ ರವಿವಾರದ ಕಥೆಯಲ್ಲಿ ರಾಕ್ಷಸನೇ ಇರಲಿಲ್ಲ. ಹೊಳೆ ಏರುತ್ತಿದೆ, ನಡುಗಡ್ಡೆಯಲ್ಲಿ ಮೂರು ತೋಟದ ವಸ್ತಿಗಳಿವೆ, ದೋಣಿ ಒಂದೇ, ಕತ್ತಲಾಗುವುದರೊಳಗೆ ಎರಡು ಸಲ ಹೋಗಿಬರಲು ಮಾತ್ರ ವೇಳೆಯಿದೆ. ಮೊದಲು ಯಾರ ಕಡೆಗೆ? ಹುಡುಗನು ಖಡ್ಗ ಹಿರಿದು, “ಯಾರನ್ನ ಹೊಡೀಲಿ?” ಎಂದನು. ನೀರನ್ನು ಹೊಡೆಯುವೆಯಾ, ಎಂದು ನಾವು ಕೇಳಿದೆವು. ಅವನು ನಗಲಿಲ್ಲ. ಬಹಳ ಹೊತ್ತು ಯೋಚಿಸಿ ದೋಣಿಯನ್ನು ಹತ್ತಿದನು. ನಡುಹೊಳೆಯಲ್ಲಿ ಹಗ್ಗ ಹರಿಯಿತು. ಈಜಿ ಹೋಗಿ ಹಿಡಿಯಬೇಕು. ಆದರೆ ಮೈಮೇಲೆ ಕಬ್ಬಿಣದ ಕವಚ.

“ಇದನ್ನ ತಗದ್ರ ನೀವು ಮತ್ತ ಕದಿಯಂಗಿಲ್ಲಲ್ಲ?”

ಇಲ್ಲವೆಂದು ಮಾತು ಕೊಟ್ಟೆವು. ವಜ್ರಕಾಯನು ತಾನೇ ಕವಚವನ್ನು ಬಿಚ್ಚಿ ದೋಣಿಯಲ್ಲಿಟ್ಟನು.

ಎರಡನೆಯ ವಸ್ತಿಯಲ್ಲಿ ಮುದುಕಿಯೂ ಎಮ್ಮೆಯೂ ಸಿಕ್ಕವು. ಎಳೆದರೆ ಎಮ್ಮೆ ಬರಲೊಲ್ಲದು. ಅಲ್ಲಿಯವರೆಗೆ ಕಂಬಳಿಯ ಅಂಚಿನಲ್ಲಿ ಅರ್ಧ ತಿರುಗಿ ಕುಳಿತಿದ್ದ ಹುಡುಗಿಯ ಕಡೆಗೆ ಅಣ್ಣನು ನೋಡಿದನು. “ತಂಗಿ, ನೀನ ಅದರ ಸಂಗಾಟ ಮಾತಾಡು. ನಾ ಏನ್ ಮಾಡ್ಲಿ ಹೇಳು.” ಅವಳು ಸ್ವಲ್ಪ ಬಿಗುಮಾನದಿಂದಲೇ, “ನೀ ಕೊಂಬ ಹಿಡಿಬ್ಯಾಡ. ಕೊಳ್ಳಾಗ ಕೈ ಹಾಕು,” ಎಂದಳು. ಅವಳಿಗೆ 12 ಬೀಳಬೇಕಿತ್ತು. ಒಬ್ಬರು ನೆರವಾದರೆ ದಾಳವನ್ನು ಎರಡು ಸಲ ಉರುಳಿಸಿ ಮೇಲಿನದನ್ನು ಹಿಡಿಯಬಹುದೆಂಬುದು ಆಟದ ನಿಯಮ. ಮೊದಲು ನಾಲ್ಕು ಬಿದ್ದಿತು. ಪಡಸಾಲೆಯಲ್ಲಿ ಉಸಿರಿಲ್ಲ. ಎರಡನೆಯ ಸಲ ಹದಿನೈದು. ಒಳಗಿನಿಂದ ವೈನಿಯವರು ಏನಾಯಿತೆಂದು ಹೊರಗೆ ಓಡಿಬರುವಂತಹ ಕೂಗೆದ್ದಿತು.

ಮೂರನೆಯ ವಸ್ತಿಗೆ ಅವರು ತಲಪಲಿಲ್ಲ. ಕತ್ತಲಾಯಿತೆಂದು ನಾವು ಅಲ್ಲಿಗೇ ಕಥೆಯನ್ನು ನಿಲ್ಲಿಸಿದೆವು. ಹುಡುಗನು ವಾದ ಮಾಡಲಿಲ್ಲ. ದಾಳಗಳನ್ನು ಚೀಲಕ್ಕೆ ಹಾಕಿ ಸುಮ್ಮನೆ ಎದ್ದುಹೋದನು. ಆ ವಾರವೆಲ್ಲ ನಮಗೆ ಅಳುಕು.

ಮರು ರವಿವಾರ ನಾವು ಊಟ ಮುಗಿಸಿ ಕೈ ತೊಳೆಯುವುದರೊಳಗೆ ಕಂಬಳಿ ಹಾಸಿತ್ತು. ತಂಗಿಯು ಸೀಸದಕಡ್ಡಿಯನ್ನು ಕೆತ್ತಿಕೊಂಡು ಮಣೆಯ ಹತ್ತಿರವೇ ಕುಳಿತಿದ್ದಳು. ಅಣ್ಣನು ನಮ್ಮನ್ನು ಕಂಡೊಡನೆ, “ಕಾಕಾ, ಆ ಮೂರನೇ ವಸ್ತಿ ಮಂದಿ ಏನಾದ್ರು?” ಎಂದು ಕೇಳಿದನು. ಮಾಳಿಗೆಯ ಮೇಲೆ ಹತ್ತಿ ಕುಳಿತಿದ್ದಾರೆಂದು ಹೇಳಿದೆವು.